ಬಾಯಿಗೆ ತರಬೇತಿ, ಕಿವಿಗೆ ಪರೀಕ್ಷೆ: ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ ಆಲಿಸುವಿಕೆ ಮತ್ತು ಮಾತುಗಾರಿಕೆಯ ಸ್ಥಾನ

ಪ್ರಮುಖ ಪದಗಳು: ಆಲಿಸುವಿಕೆ, ಮಾತುಗಾರಿಕೆ, ಶಿಕ್ಷಕ ತರಬೇತಿ, ಸಂಧಿ, ಪದವಿಭಜನೆ, ಅರ್ಥಗ್ರಾಹ್ಯತೆ

ಭಾಷೆಯ ನಾಲ್ಕು ಕೌಶಲಗಳನ್ನು ಹೆಸರಿಸುವಾಗ ಆಲಿಸುವುದನ್ನೇ ಮೊದಲು ಹೇಳುವ ರೂಢಿ ನಮ್ಮ ಶಿಕ್ಷಣ ಮಹಾವಿದ್ಯಾಲಯಗಳಲ್ಲಿದೆ. ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು ಎಂಬ ಈ ಅನುಕ್ರಮವನ್ನು ಬಿ.ಎಡ್. ಮುಗಿಸಿದ ಯಾರಾದರೂ ನಿದ್ದೆಗಣ್ಣಿನಲ್ಲಿಯೂ ಒಪ್ಪಿಸಬಲ್ಲರು. ಆದರೆ ತರಬೇತಿಯ ವೇಳಾಪಟ್ಟಿಯನ್ನು ನೋಡಿದರೆ ಮೊದಲನೆಯದಕ್ಕೆ ದೊರೆಯುವ ಹೊತ್ತು ತೀರ ಕಡಿಮೆ. ದೊರೆತ ಹೊತ್ತಿನಲ್ಲಿಯೂ ನಡೆಯುವುದು ಒಂದೋ ಶಿಕ್ಷಕರ ಉಚ್ಚಾರಣೆಯ ತಿದ್ದುಪಡಿ, ಇಲ್ಲವೇ ಆಲಿಸುವಿಕೆಯ ಹೆಸರಿನ ಪರೀಕ್ಷೆ. ಪ್ರಸ್ತುತ ಲೇಖನದ ಆಕ್ಷೇಪ ಇಷ್ಟೇ: ನಮ್ಮ ತರಬೇತಿಯು ಶಿಕ್ಷಕರ ಬಾಯಿಯನ್ನು ತಿದ್ದಲು ಹೊರಟಿದೆಯೇ ಹೊರತು, ಮಕ್ಕಳ ಕಿವಿಯಲ್ಲಿ ಏನು ನಡೆಯುತ್ತಿದೆಯೆಂಬುದನ್ನು ಗುರುತಿಸುವ ಶಕ್ತಿಯನ್ನು ಅವರಿಗೆ ಕೊಟ್ಟಿಲ್ಲ. ಆ ಶಕ್ತಿಗೆ ಬೇಕಾದ ಸಾಮಗ್ರಿಯ ಬಹುಭಾಗ ಕನ್ನಡ ವ್ಯಾಕರಣದಲ್ಲಿಯೇ ಇದೆ. ಇಂಗ್ಲಿಷ್ ತರಬೇತಿಯ ಕೊಠಡಿಯೊಳಕ್ಕೆ ಕನ್ನಡವನ್ನು ಬಿಟ್ಟುಕೊಳ್ಳದ ಕಾರಣ ಅದು ಬಳಕೆಯಾಗದೆ ಉಳಿದಿದೆ.

ಧ್ವನಿಶಾಸ್ತ್ರದ ಆನುವಂಶಿಕತೆ

ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯೂ, ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಹುಟ್ಟಿಕೊಂಡಾಗ ಶಿಕ್ಷಕ ತರಬೇತಿಗೆ ಧ್ವನಿಶಾಸ್ತ್ರವೇ ಬೆನ್ನೆಲುಬಾದದ್ದು ಸಹಜವಾಗಿತ್ತು. ಅಲ್ಲಿಯವರೆಗೆ ಇಂಗ್ಲಿಷನ್ನು ಅನುವಾದದ ಮೂಲಕ, ಕಣ್ಣಿನಿಂದ ಮಾತ್ರ ಕಲಿತಿದ್ದ ಶಿಕ್ಷಕರಿಗೆ ಬರಹ ಬೇರೆ, ನುಡಿ ಬೇರೆ ಎಂದು ತಿಳಿಸಿಕೊಟ್ಟದ್ದು ಈ ಶಾಸ್ತ್ರವೇ. ಇದು ಸಣ್ಣ ಲಾಭವಲ್ಲ. ಆದರೆ ಆನುವಂಶಿಕವಾಗಿ ಬಂದ ಆಸ್ತಿಯಲ್ಲಿ ಸಾಲವೂ ಸೇರಿರುತ್ತದೆ. ವಾಗಂಗಗಳ ಚಿತ್ರ, 24 ವ್ಯಂಜನ ಮತ್ತು 20 ಸ್ವರಗಳ ಪಟ್ಟಿ, ಪ್ರತಿಯೊಂದು ವ್ಯಂಜನಕ್ಕೂ ಮೂರು ಪದಗಳ ಲಕ್ಷಣ, ಆಮೇಲೆ ಧ್ವನಿಲಿಪಿಯಲ್ಲಿ ಬರೆಯುವ ಅಭ್ಯಾಸ: ಈ ಚೌಕಟ್ಟು ಇಂದಿನ ಅನೇಕ ಕೈಪಿಡಿಗಳಲ್ಲಿ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. ಆ 44 ಧ್ವನಿಗಳು ಬ್ರಿಟನ್ನಿನ ಒಂದು ವರ್ಗದ ಉಚ್ಚಾರಣೆಗೆ ಸೇರಿದವು. ಆ ದೇಶದಲ್ಲಿಯೂ ಬಹುಪಾಲು ಜನ ಹಾಗೆ ಮಾತನಾಡುವುದಿಲ್ಲ.

ಹೈದರಾಬಾದಿನ ಸಂಸ್ಥೆಯಿಂದ 1969ರಲ್ಲಿ ಹೊರಬಂದ ಆರ್.ಕೆ. ಬನ್ಸಲ್ ಅವರ ಅಧ್ಯಯನವು ಭಾರತೀಯ ಇಂಗ್ಲಿಷಿನ ಅರ್ಥಗ್ರಾಹ್ಯತೆಯನ್ನು ಪ್ರಯೋಗದ ಮೂಲಕ ಅಳೆಯಲು ಹೊರಟ ಗಂಭೀರ ಪ್ರಯತ್ನ. ಪದದೊಳಗಿನ ಆಘಾತವು ತಪ್ಪಾದ ಉಚ್ಚಾರಾಂಶದ ಮೇಲೆ ಬೀಳುವುದು ಅರ್ಥಭಂಗಕ್ಕೆ ಮುಖ್ಯ ಕಾರಣಗಳಲ್ಲೊಂದು ಎಂಬ ಅದರ ತೀರ್ಮಾನವನ್ನು ಇಂದಿಗೂ ತಳ್ಳಿಹಾಕಲಾಗದು. ಆದರೆ ಆ ಅಧ್ಯಯನದಲ್ಲಿ ಪರಿಶೀಲನೆಗೆ ಒಳಗಾದದ್ದು ಭಾರತೀಯರ ನುಡಿ. ಭಾರತೀಯರು, ಅದರಲ್ಲಿಯೂ ಶಾಲೆಯ ಮಕ್ಕಳು, ಇಂಗ್ಲಿಷನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬುದು ಅದರ ಪ್ರಶ್ನೆಯಾಗಿರಲಿಲ್ಲ. ಇದು ಬನ್ಸಲ್ ಅವರ ದೋಷವಲ್ಲ. ಅವರನ್ನು ಅನುಸರಿಸಿದ ತರಬೇತಿಯು ಒಂದು ಪ್ರಶ್ನೆಯ ಉತ್ತರವನ್ನು ಎರಡು ಪ್ರಶ್ನೆಗಳಿಗೂ ಸಲ್ಲುವ ಉತ್ತರವೆಂದು ಭಾವಿಸಿದ್ದು ದೋಷ. ಚೆನ್ನಾಗಿ ಉಚ್ಚರಿಸುವ ಶಿಕ್ಷಕರಿದ್ದರೆ ಮಕ್ಕಳು ತಾವಾಗಿಯೇ ಕೇಳಿ ಕಲಿಯುತ್ತಾರೆಂಬ ನಂಬಿಕೆ ಅಂದಿನಿಂದ ಗಟ್ಟಿಯಾಯಿತು.

ಈ ನಂಬಿಕೆಗೆ ತೆತ್ತ ಬೆಲೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೇವಾನಿರತ ಶಿಕ್ಷಕರ ಶಿಬಿರವೊಂದರಲ್ಲಿ ಸಂಪನ್ಮೂಲ ವ್ಯಕ್ತಿಯೊಬ್ಬರು ಶಿಬಿರಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ‘ವವೆಲ್’, ‘ಪ್ಲೆಷರ್’, ‘ಡೆವಲಪ್’ ಮೊದಲಾದ ಪದಗಳನ್ನು ಹೇಳಿಸುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಹಳ್ಳಿಯ ಶಾಲೆಯಲ್ಲಿ ಪಾಠ ಮಾಡಿದ ಶಿಕ್ಷಕಿಯೊಬ್ಬರು ಮೂರನೆಯ ಪದಕ್ಕೆ ಎಡವಿದರು. ತಿದ್ದಿದರು, ಮತ್ತೆ ಎಡವಿದರು, ಸಭೆ ನಕ್ಕಿತು. ಆಮೇಲೆ ಮೂರು ದಿನ ಆಕೆ ಇಂಗ್ಲಿಷಿನಲ್ಲಿ ಒಂದು ಮಾತನ್ನೂ ಆಡಲಿಲ್ಲ. ಶಿಬಿರ ಮುಗಿಯುವ ದಿನ ನನ್ನೊಡನೆ ಕನ್ನಡದಲ್ಲಿ ಹೇಳಿದ್ದು: “ನಮ್ಮ ಮಕ್ಕಳ ಮುಂದಾದರೂ ಧೈರ್ಯವಾಗಿ ಮಾತಾಡ್ತಿದ್ದೆ ಸರ್. ಇನ್ನು ಹೆಂಗೆ ಮಾತಾಡೋದು?” ಆ ಊರಿನ ಮಕ್ಕಳ ಕಿವಿಗೆ ಇಂಗ್ಲಿಷ್ ಬೀಳುವ ಏಕೈಕ ದಾರಿ ಆ ಶಿಕ್ಷಕಿಯ ಮಾತು. ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದಿರುವ ಈ ಕಾಲದಲ್ಲಿ ಆ ದಾರಿ ಮುಚ್ಚಿದರೆ ಹಾನಿ ಯಾರಿಗೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರು ಪ್ರಯೋಗವನ್ನು ಮತ್ತೆ ಓದುವುದು

ಶಿಕ್ಷಕರ ಮಾತಿಗೆ ಇರುವ ಈ ಬೆಲೆಯನ್ನು ಬೇರಾರಿಗಿಂತ ಚೆನ್ನಾಗಿ ಅರಿತದ್ದು ನಮ್ಮ ನೆಲದಲ್ಲಿಯೇ ನಡೆದ ಪ್ರಯೋಗ. ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದೆಡೆಯ ಶಾಲೆಗಳಲ್ಲಿ ನಡೆದ, ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾದ ಆ ಪ್ರಯೋಗವು ವ್ಯಾಕರಣದ ಪಾಠವನ್ನು ಕೈಬಿಟ್ಟು ಚಟುವಟಿಕೆಗಳ ಮೂಲಕ ಭಾಷೆ ಕಲಿಸಲು ಹೊರಟಿತು. ರೈಲಿನ ವೇಳಾಪಟ್ಟಿ, ನಕ್ಷೆ, ಲೆಕ್ಕಾಚಾರ ಇವುಗಳ ಸುತ್ತ ಶಿಕ್ಷಕರು ಪ್ರಶ್ನೆ ಕೇಳುವರು, ಮಕ್ಕಳು ತರ್ಕಿಸಿ ಉತ್ತರಿಸುವರು. ಪ್ರಭು ಅವರ 1987ರ ಪುಸ್ತಕವನ್ನು ಉದ್ಧರಿಸುವವರು ಎರಡು ಸಂಗತಿಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಒಂದು, ಆ ತರಗತಿಗಳಲ್ಲಿ ಗುಂಪು ಚಟುವಟಿಕೆಗೆ ಒತ್ತು ಇರಲಿಲ್ಲ. ಇಡೀ ತರಗತಿಯೊಡನೆ ಶಿಕ್ಷಕರೇ ಮಾತನಾಡುತ್ತಿದ್ದರು. ಮಕ್ಕಳು ತಮ್ಮತಮ್ಮೊಳಗೆ ಆಡುವ ಅರೆಬೆಂದ ಇಂಗ್ಲಿಷಿಗಿಂತ ಶಿಕ್ಷಕರ ಮಾತು ಉತ್ತಮ ಆಹಾರವೆಂಬುದು ಪ್ರಭು ಅವರ ನಿಲುವು. ಎರಡು, ಮಗು ಒಂದೇ ಪದದಲ್ಲಿ ಉತ್ತರಿಸಿದರೂ ಅಲ್ಲಿ ಆಕ್ಷೇಪವಿರಲಿಲ್ಲ. ಅರ್ಥಮಾಡಿಕೊಳ್ಳುವುದು ಮೊದಲು, ಆಡುವುದು ಅದರ ಹಿಂದೆ ತನ್ನ ಕಾಲಕ್ಕೆ ಬರುವಂಥದು.

ಇಂದಿನ ತರಬೇತಿ ಈ ಪ್ರಯೋಗದ ವಾರಸುದಾರಿಕೆಯನ್ನು ಹೇಳಿಕೊಳ್ಳುತ್ತದೆ. ನಡೆಯುವುದು ಮಾತ್ರ ತದ್ವಿರುದ್ಧವಾಗಿ. ಪಾಠಯೋಜನೆಯಲ್ಲಿ ‘ಗುಂಪು ಚಟುವಟಿಕೆ’ ಎಂಬ ಅಂಕಣ ಖಾಲಿ ಬಿದ್ದರೆ ಮೇಲ್ವಿಚಾರಕರು ಒಪ್ಪುವುದಿಲ್ಲ. ಶಿಕ್ಷಕರು ಹೆಚ್ಚು ಮಾತನಾಡಿದರೆ ಅದು ದೋಷವೆಂದೇ ಗುರುತಾಗುತ್ತದೆ. ಇಂಗ್ಲಿಷ್ ವಾತಾವರಣದಲ್ಲಿ ಬೆಳೆಯುವ ಮಕ್ಕಳಿಗೆ ಸಲ್ಲುವ ಈ ಸೂತ್ರವನ್ನು, ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಇಂಗ್ಲಿಷ್ ಕೇಳದ ಮಕ್ಕಳ ತರಗತಿಗೆ ತಂದು ಹೇರಿದರೆ ಉಳಿಯುವುದು ಮೌನ, ಇಲ್ಲವೇ ಕನ್ನಡದಲ್ಲಿ ನಡೆಯುವ ಗುಂಪು ಚರ್ಚೆ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ಕ್ಕೆ ಪೂರಕವಾಗಿ ಬಂದ ಇಂಗ್ಲಿಷ್ ಬೋಧನೆಯ ನಿಲುವು ಪತ್ರವು ಭಾಷೆಯ ಸಮೃದ್ಧ ಪರಿಸರವನ್ನು ಕೇಳುತ್ತದೆ, ಶಿಕ್ಷಕರಿಗೆ ಇಂಗ್ಲಿಷಿನಲ್ಲಿ ಮೂಲ ಪ್ರಭುತ್ವ ಬೇಕೆನ್ನುತ್ತದೆ. ಆ ಪರಿಸರಕ್ಕೆ ಶಿಕ್ಷಕರ ನಾಲಗೆಯಲ್ಲದೆ ಬೇರೆ ಮೂಲವಿಲ್ಲದ ಶಾಲೆಗಳಲ್ಲಿ, ಅವರು ಏನು ಮಾತನಾಡಬೇಕು, ಹೇಗೆ ನಿಧಾನಿಸಬೇಕು, ಒಂದೇ ಸಂಗತಿಯನ್ನು ಮೂರು ಬಗೆಯಲ್ಲಿ ಹೇಗೆ ಹೇಳಬೇಕು ಎಂಬ ಅಭ್ಯಾಸವೇ ತರಬೇತಿಯ ತಿರುಳಾಗಬೇಕಿತ್ತು.

ಹಾಗೆಂದು ಬೆಂಗಳೂರು ಪ್ರಯೋಗವನ್ನು ಪೂಜಿಸಬೇಕಾಗಿಲ್ಲ. ಅದು ಅರ್ಥದ ಮಟ್ಟದಲ್ಲಿ ಕೆಲಸ ಮಾಡಿತು. ಧ್ವನಿಯ ಮಟ್ಟವನ್ನು ಕಡೆಗಣಿಸಿತು. ಪುಸ್ತಕದಲ್ಲಿ ಕೊಟ್ಟ ಪಾಠಗಳ ಪ್ರತಿಲೇಖನದಲ್ಲಿ ಶಿಕ್ಷಕರ ಮಾತು ಮುದ್ರಿತ ವಾಕ್ಯವಾಗಿ ಕಾಣುತ್ತದೆ. ಮಗುವಿನ ಉತ್ತರ ತಪ್ಪಾದಾಗ ಅದು ತರ್ಕದ ತಪ್ಪೋ, ಕೇಳಿಸಿಕೊಳ್ಳುವುದರಲ್ಲಿ ಆದ ತಪ್ಪೋ ಎಂದು ತಿಳಿಯುವ ದಾರಿ ಅದರಲ್ಲಿಲ್ಲ.

ಪರೀಕ್ಷೆಯೇ ಪಾಠವಾದಾಗ

ಕೇಳುವಿಕೆಯ ಪಾಠವೆಂದು ನಮ್ಮಲ್ಲಿ ಕರೆಯುವುದನ್ನು ಗಮನಿಸಿ. ಶಿಕ್ಷಕರು ಒಂದು ಭಾಗವನ್ನು ಓದುತ್ತಾರೆ ಅಥವಾ ಧ್ವನಿಮುದ್ರಿಕೆ ಹಾಕುತ್ತಾರೆ. ಐದು ಪ್ರಶ್ನೆ ಕೇಳುತ್ತಾರೆ. ಮೂರಕ್ಕೆ ಸರಿಯುತ್ತರ ಬಂದರೆ ಮಗು ಆಲಿಸಿದೆ, ಬರದಿದ್ದರೆ ಆಲಿಸಿಲ್ಲ. ಜಾನ್ ಫೀಲ್ಡ್ ತಮ್ಮ 2008ರ ಪುಸ್ತಕದಲ್ಲಿ ಇಂಥ ಪಾಠದ ಮೇಲೆ ಮಾಡಿದ ಆರೋಪ ಸರಳವಾದುದು: ಇದು ಆಲಿಸುವಿಕೆಯನ್ನು ಪರೀಕ್ಷಿಸುತ್ತದೆ, ಕಲಿಸುವುದಿಲ್ಲ. ತಪ್ಪು ಉತ್ತರವೆಂಬುದು ಕಳೆಯಬೇಕಾದ ಅಂಕವಲ್ಲ. ಎಲ್ಲಿ ಕಿವಿ ಜಾರಿತೆಂಬುದರ ಸುಳಿವು. ಆ ಸುಳಿವನ್ನು ಹಿಡಿದು ಚಿಕ್ಕ ಚಿಕ್ಕ ಅಭ್ಯಾಸಗಳನ್ನು ಕೊಡಬೇಕೆಂಬುದು ಅವರ ಮಾರ್ಗ. ಒಪ್ಪಬೇಕಾದ ಮಾತು. ಆದರೆ ಕನ್ನಡದ ಮಗುವಿನ ಕಿವಿ ಎಲ್ಲಿ ಜಾರುತ್ತದೆಂಬುದನ್ನು ಫೀಲ್ಡ್ ಹೇಳಲಾರರು. ಅದನ್ನು ಹೇಳಬೇಕಾದವರು ಕನ್ನಡ ಬಲ್ಲ ಶಿಕ್ಷಕರು ಮತ್ತು ಈ ಪತ್ರಿಕೆಯ ಓದುಗರಂಥ ಭಾಷಾವಿಜ್ಞಾನಿಗಳು.

ಇಂಗ್ಲಿಷ್ ಮಾತೃಭಾಷಿಕರು ಹರಿಯುವ ಮಾತನ್ನು ಪದಗಳಾಗಿ ಕತ್ತರಿಸುವಾಗ ಬಲವಾದ ಉಚ್ಚಾರಾಂಶವನ್ನು ಪದದ ಆರಂಭವೆಂದು ಹಿಡಿಯುತ್ತಾರೆಂದು ಆನ್ ಕಟ್ಲರ್ ಮತ್ತು ಡೆನಿಸ್ ನಾರಿಸ್ 1988ರಲ್ಲಿ ತೋರಿಸಿದರು. ಕನ್ನಡದ ಕಿವಿಗೆ ಆ ಅಭ್ಯಾಸವಿಲ್ಲ. ನಮ್ಮ ಪದಗಳು ಬಹುಮಟ್ಟಿಗೆ ಸ್ವರಾಂತ. ಹಳಗನ್ನಡದ ‘ಕಣ್’ ‘ಕಣ್ಣು’ ಆಯಿತು, ‘ಕಾಲ್’ ‘ಕಾಲು’ ಆಯಿತು. ಹ್ರಸ್ವದ ಮುಂದೆ ದ್ವಿತ್ವ, ದೀರ್ಘದ ಮುಂದೆ ಇಲ್ಲ. ‘ಪೆನ್’ ‘ಪೆನ್ನು’ ಆಗಿ, ‘ಕಾರ್’ ‘ಕಾರು’ ಆಗಿದ್ದು ಇದೇ ನಿಯಮದಿಂದ. ಪದದ ಕೊನೆಗೆ ಸ್ವರವನ್ನು ನಿರೀಕ್ಷಿಸುವ ಕಿವಿಯು ವ್ಯಂಜನಾಂತ ಪದದ ಮುಂದೆ ಸ್ವರಾದಿ ಪದ ಬಂದಾಗ ಎರಡನ್ನೂ ಕೂಡಿಸಿ ಗುಣಿತಾಕ್ಷರ ಮಾಡಿಕೊಳ್ಳುತ್ತದೆ. ‘ಪುಟ್ ಇಟ್ ಆನ್’ ಎಂಬ ಮೂರು ಪದಗಳು ‘ಪುಟಿಟಾನ್’ ಎಂಬ ಅರ್ಥವಿಲ್ಲದ ಒಂದು ಪದವಾಗಿ ಬೀಳುವುದು ಹೀಗೆ. ಅದರ ಬೆನ್ನಿಗೇ ವಾಕ್ಯರಚನೆಯ ತೊಡಕೂ ಇದೆ. ವಿಭಕ್ತಿ, ಕಾಲ, ನಿಷೇಧ ಎಲ್ಲವನ್ನೂ ಕನ್ನಡ ಪದದ ಅಥವಾ ವಾಕ್ಯದ ಕೊನೆಯಲ್ಲಿ ಇಡುತ್ತದೆ. ‘ಆಗುತ್ತದೆ’, ‘ಆಗುವುದಿಲ್ಲ’ ಇವೆರಡರ ಭೇದವನ್ನು ತಿಳಿಯಲು ಕೊನೆಯವರೆಗೆ ಕಾದರೆ ಸಾಕು. ಇಂಗ್ಲಿಷಿನ ‘ಕ್ಯಾನ್’, ‘ಕಾಂಟ್’ ಭೇದವಾದರೋ ವಾಕ್ಯದ ನಡುವೆ, ಸ್ವರದ ಗುಣದಲ್ಲಿ ಮತ್ತು ಒತ್ತಿನಲ್ಲಿ ಅಡಗಿರುತ್ತದೆ. ವೇಗದ ಮಾತಿನಲ್ಲಿ ಕೊನೆಯ ಟಕಾರ ಕೇಳಿಸದೆಯೂ ಹೋಗಬಹುದು. ಕೊನೆಗಾಗಿ ಕಾಯುವ ಮಗು ಆ ಹೊತ್ತಿಗೆ ಅದನ್ನು ದಾಟಿಬಿಟ್ಟಿರುತ್ತದೆ.

ಸಂಧಿಪ್ರಕರಣವನ್ನು ಇಂಗ್ಲಿಷ್ ತರಗತಿಗೆ ತರುವುದು

ಇಷ್ಟು ಹೇಳಿದರೆ ಕನ್ನಡವು ಅಡ್ಡಿಯೆಂಬ ಹಳೆಯ ವಾದಕ್ಕೇ ಮರಳಿದಂತಾಗುತ್ತದೆ. ಮಾತೃಭಾಷೆಯ ‘ಹಸ್ತಕ್ಷೇಪ’ ಎಂಬ ಪದವನ್ನು ನಮ್ಮ ಕೈಪಿಡಿಗಳು ಇನ್ನೂ ಬಿಟ್ಟಿಲ್ಲ. ಆದರೆ ನಮ್ಮ ಮಕ್ಕಳು ಪ್ರೌಢಶಾಲೆಯಲ್ಲಿ ಲೋಪ, ಆಗಮ, ಆದೇಶ ಎಂಬ ಮೂರು ಕನ್ನಡ ಸಂಧಿಗಳನ್ನು ಕಲಿಯುತ್ತಾರೆ. ಹರಿಯುವ ಇಂಗ್ಲಿಷ್ ಮಾತಿನಲ್ಲಿ ಆಗುವ ಬದಲಾವಣೆಗಳನ್ನು ವಿವರಿಸಲು ಇದಕ್ಕಿಂತ ಹತ್ತಿರದ ಉಪಕರಣ ನನಗೆ ಕಂಡಿಲ್ಲ. ‘ಮನೆ’ ಮತ್ತು ‘ಅನ್ನು’ ಕೂಡಿ ‘ಮನೆಯನ್ನು’. ‘ಗುರು’ ಮತ್ತು ‘ಅನ್ನು’ ಕೂಡಿ ‘ಗುರುವನ್ನು’. ಇ, ಎ ಸ್ವರಗಳ ಮುಂದೆ ಯಕಾರ, ಉ, ಒ ಸ್ವರಗಳ ಮುಂದೆ ವಕಾರ. ಇಂಗ್ಲಿಷಿನ ‘ಸೀ ಇಟ್’ ‘ಸೀಯಿಟ್’ ಎಂದೂ ‘ಗೋ ಆನ್’ ‘ಗೋವಾನ್’ ಎಂದೂ ಕೇಳಿಸುವುದು ಇದೇ ತತ್ತ್ವದಿಂದ, ಇದೇ ಹಂಚಿಕೆಯಲ್ಲಿ. ‘ಕಣ್’ ಮತ್ತು ‘ಪನಿ’ ಕೂಡಿ ‘ಕಂಬನಿ’ ಆದಾಗ ಪಕಾರಕ್ಕೆ ಬಕಾರ ಆದೇಶವಾಗುವುದರ ಜೊತೆಗೆ ಣಕಾರವು ಓಷ್ಠ್ಯದ ನೆರೆಯಲ್ಲಿ ಮಕಾರವಾಗುತ್ತದೆ. ‘ಟೆನ್ ಬಾಯ್ಸ್’ ‘ಟೆಮ್ ಬಾಯ್ಸ್’ ಎಂದಾಗುವುದು ಈ ಎರಡನೆಯ ಬದಲಾವಣೆಯೇ. ಲೋಪದಲ್ಲಿ ಮಾತ್ರ ಹೋಲಿಕೆ ಪೂರ್ಣವಲ್ಲ: ಕನ್ನಡ ‘ಊರಲ್ಲಿ’ ಎಂಬಲ್ಲಿ ಸ್ವರವನ್ನು ಬಿಡುತ್ತದೆ, ಇಂಗ್ಲಿಷ್ ‘ನೆಕ್ಸ್ಟ್ ಡೇ’ ಎಂಬಲ್ಲಿ ವ್ಯಂಜನವನ್ನು. ಆ ಭೇದವನ್ನೂ ಮಕ್ಕಳಿಗೆ ತೋರಿಸಬಹುದು.

ಸಂಧಿ ಎಂಬ ಶಬ್ದವನ್ನು ಕಲಿಯದ ಕಿರಿಯ ಮಕ್ಕಳಿಗೂ ಅದರ ಅನುಭವವಿದೆ. ‘ಏನು ಮಾಡುತ್ತಿದ್ದೀಯೆ’ ಎಂದು ಪುಸ್ತಕದಲ್ಲಿ ಓದುವ ಮಗು ಮೈಸೂರಿನ ಕಡೆ ‘ಏನ್ಮಾಡ್ತಿದ್ದೀಯ’ ಎಂದೂ ಹುಬ್ಬಳ್ಳಿಯ ಕಡೆ ‘ಏನ್ ಮಾಡಾಕತ್ತೀ’ ಎಂದೂ ದಿನವೂ ಕೇಳುತ್ತದೆ; ಬರೆದದ್ದು ಆಡಿದಂತಿರುವುದಿಲ್ಲ ಎಂಬ ಅರಿವು ಅದಕ್ಕೆ ಹುಟ್ಟಿನಿಂದಲೇ ಬಂದಿದೆ. ‘ವಾಟ್ ಆರ್ ಯು ಡೂಯಿಂಗ್’ ಎಂಬುದರಲ್ಲಿ ‘ಆರ್ ಯು’ ಕುಗ್ಗಿ ಹೋಗುವುದನ್ನು ವಿವರಿಸಲು ಶ್ವಾ ಎಂಬ ಗ್ರೀಕ್ ದೇವತೆಯಂಥ ಹೆಸರಿನ ಸ್ವರದಿಂದ ಪ್ರಾರಂಭಿಸಬೇಕಾಗಿಲ್ಲ. ಎಲ್ಲಿ ಹೋಲಿಕೆ ನಿಲ್ಲುತ್ತದೆಂಬುದನ್ನು ಮಾತ್ರ ಶಿಕ್ಷಕರು ತಿಳಿದಿರಬೇಕು. ಕನ್ನಡ ಕುಗ್ಗಿಸುವುದು ಪದದ ನಡುವಿನ ಸ್ವರವನ್ನು; ಇಂಗ್ಲಿಷ್ ಕುಗ್ಗಿಸುವುದು ವ್ಯಾಕರಣದ ಹೊರೆ ಹೊತ್ತ ಪುಟ್ಟ ಪದಗಳನ್ನು. ಗಿಲಿಯನ್ ಬ್ರೌನ್ 1977ರಷ್ಟು ಹಿಂದೆಯೇ, ವಿದೇಶೀ ವಿದ್ಯಾರ್ಥಿಗಳಿಗೆ ಸಾವಧಾನದ ಸ್ಪಷ್ಟ ಇಂಗ್ಲಿಷನ್ನೇ ಕೇಳಿಸುತ್ತಾ ಹೋದರೆ ಸಹಜವಾದ ಮಾತು ಅವರಿಗೆ ಅರ್ಥವಾಗದೆಂದು ಎಚ್ಚರಿಸಿದ್ದರು. ನಮ್ಮಲ್ಲಿ ಸ್ಪಷ್ಟತೆಯೆಂದರೆ ಕಾಗುಣಿತವನ್ನು ಓದುವುದು. ‘ಸಮ್ಮರ್’, ‘ರನ್ನಿಂಗ್’ ಎಂದು ದ್ವಿತ್ವವನ್ನೂ ಉಚ್ಚರಿಸುವ ತರಗತಿಯಿಂದ ಬಂದ ಮಗುವಿಗೆ ದೂರವಾಣಿಯಲ್ಲಿ ಕೇಳಿದ ಅದೇ ಪದ ಹೊಸದೆನಿಸುತ್ತದೆ.

ಕನ್ನಡ ಲಿಪಿಯ ಉಕ್ತಲೇಖನ

ತರಬೇತಿಯಲ್ಲಿ ಅಳವಡಿಸಬಹುದಾದ ಒಂದು ಪದ್ಧತಿಯನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದಕ್ಕೆ ಹಣವಾಗಲಿ ಉಪಕರಣವಾಗಲಿ ಬೇಕಾಗಿಲ್ಲ. ಐದಾರು ಪದಗಳ ಇಂಗ್ಲಿಷ್ ವಾಕ್ಯವನ್ನು ಸಹಜ ವೇಗದಲ್ಲಿ ಎರಡು ಸಲ ಹೇಳಿ, ಮಕ್ಕಳಿಗೆ ಕೇಳಿಸಿದ್ದನ್ನು ಕನ್ನಡ ಅಕ್ಷರಗಳಲ್ಲಿ ಬರೆಯಲು ಹೇಳುವುದು. ಇಂಗ್ಲಿಷಿನಲ್ಲಿ ಬರೆಸಿದರೆ ಕಾಗುಣಿತದ ತಪ್ಪು ಯಾವುದು, ಕಿವಿಯ ತಪ್ಪು ಯಾವುದು ಎಂದು ಬೇರ್ಪಡಿಸಲಾಗದು. ಕನ್ನಡ ಅಕ್ಷರ ಅದನ್ನು ಬೇರ್ಪಡಿಸಿಕೊಡುತ್ತದೆ. ನಾನು ನೋಡಿದ ಹಾಳೆಗಳಲ್ಲಿ ‘ಡಿಡ್ ಯು ಈಟ್’ ಎಂಬುದು ‘ಡಿಜು ಈಟ್’ ಎಂದು ಬಂದಿತ್ತು. ಆ ಮಗುವಿನ ಕಿವಿ ತಪ್ಪಿರಲಿಲ್ಲ, ನಾನು ಹೇಳಿದ್ದೇ ಹಾಗೆ. ಆದರೆ ‘ಡಿಜು’ ಎಂಬುದರೊಳಗೆ ಎರಡು ಪದಗಳಿವೆಯೆಂದು ಅದಕ್ಕೆ ತಿಳಿದಿರಲಿಲ್ಲ. ‘ಇಯರ್’ ಎಂದು ಬರೆದ ಇನ್ನೊಂದು ಮಗುವನ್ನು ಕೇಳಿದಾಗ ಕಿವಿಯನ್ನು ಮುಟ್ಟಿ ತೋರಿಸಿತು. ನಾನು ಹೇಳಿದ್ದು ವರ್ಷ. ‘ಎಲ್ಲಿ’ಯನ್ನು ‘ಯೆಲ್ಲಿ’ ಎಂದೂ ‘ಒಂದು’ವನ್ನು ‘ವೊಂದು’ ಎಂದೂ ನುಡಿಯುವ ಭಾಷೆಯ ಮಗುವಿಗೆ ಪದಾದಿಯ ಯಕಾರವು ಅರ್ಥಭೇದಕವೆಂದು ತೋಚುವುದಿಲ್ಲ. ಈ ಎರಡು ತಪ್ಪುಗಳಿಗೆ ಬೇಕಾದ ಪಾಠ ಬೇರೆ ಬೇರೆ. ಐದು ಪ್ರಶ್ನೆಗಳ ಪರೀಕ್ಷೆಯಲ್ಲಿ ಎರಡಕ್ಕೂ ಒಂದೇ ಸೊನ್ನೆ.

ಲಿಪಿಗೆ ಮಿತಿಗಳಿವೆ: ಶ್ವಾಕ್ಕೆ ಅಕ್ಷರವಿಲ್ಲ, ವಕಾರದ ಎರಡು ಇಂಗ್ಲಿಷ್ ಪ್ರಭೇದಗಳಿಗೂ ಒಂದೇ ಅಕ್ಷರ, ವರ್ತ್ಸ್ಯ ಟಕಾರ ಮೂರ್ಧನ್ಯವಾಗಿಯೇ ಬರೆಯಲ್ಪಡುತ್ತದೆ. ವಿಶ್ಲೇಷಕರಿಗೆ ಇದು ಕೊರತೆ. ಶಿಕ್ಷಕರಿಗೆ ಹಾಗಲ್ಲ, ಮಗು ಯಾವ ಭೇದಗಳನ್ನು ಕೇಳುತ್ತಿಲ್ಲವೋ ಅವೇ ಲಿಪಿಯಲ್ಲಿ ಕಳೆದುಹೋಗುತ್ತವೆ.

ಮಾತುಗಾರಿಕೆಯ ವಿಷಯ

ಮಾತುಗಾರಿಕೆಯ ಬಗ್ಗೆ ಕಡಿಮೆ ಹೇಳಿದರೆ ಸಾಕು. ನಮ್ಮ ಶಾಲೆಗಳಲ್ಲಿ ಅದು ಬಾಯಿಪಾಠದ ಸಂವಾದ. ಪೋಸ್ಟ್ ಆಫೀಸಿನಲ್ಲಿ, ವೈದ್ಯರ ಬಳಿ, ಬಸ್ ನಿಲ್ದಾಣದಲ್ಲಿ ಇಬ್ಬರು ಮಕ್ಕಳು ಎದುರುಬದುರು ನಿಂತು ಉರುಹೊಡೆದ ಮಾತನ್ನು ಒಪ್ಪಿಸುತ್ತಾರೆ. ಒಬ್ಬನ ಪ್ರಶ್ನೆಯನ್ನು ಇನ್ನೊಬ್ಬ ಕೇಳಿಸಿಕೊಳ್ಳಬೇಕಾದ ಅಗತ್ಯವೇ ಅಲ್ಲಿಲ್ಲ. ಎದುರಿನ ಬಾಯಿ ನಿಂತಾಗ ತನ್ನದನ್ನು ಆರಂಭಿಸಿದರೆ ಆಯಿತು. ಎಸ್.ಎಸ್.ಎಲ್.ಸಿ.ಯಲ್ಲಿ ದ್ವಿತೀಯ ಭಾಷೆಯ 80 ಅಂಕಗಳು ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಗಿರುವಾಗ, ಮಾತು ಮತ್ತು ಆಲಿಸುವಿಕೆ ಆ ಇಪ್ಪತ್ತರ ಒಂದು ಮೂಲೆಯಲ್ಲಿ ಬದುಕಬೇಕಾಗಿದೆ. ಪರೀಕ್ಷೆ ಬದಲಾಗದೆ ತರಬೇತಿ ಫಲಿಸದು ಎಂಬ ವಾದವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ; ಒಂದರಿಂದ ಐದನೆಯ ತರಗತಿಯವರೆಗೆ ಆ ಪರೀಕ್ಷೆಯ ನೆರಳು ಅಷ್ಟಾಗಿ ಇಲ್ಲ, ಅಲ್ಲಿಯೂ ಪಾಠ ಹೀಗೆಯೇ ಇದೆ.

ಯಾರ ಇಂಗ್ಲಿಷನ್ನು ಕೇಳಿಸಬೇಕೆಂಬುದೂ ತರಬೇತಿಯಲ್ಲಿ ಚರ್ಚೆಯಾಗುವುದಿಲ್ಲ. ಜೆನಿಫರ್ ಜೆಂಕಿನ್ಸ್ 2000ದಲ್ಲಿ ಪ್ರಸ್ತಾಪಿಸಿದ ಅಂತರರಾಷ್ಟ್ರೀಯ ಇಂಗ್ಲಿಷಿನ ಧ್ವನಿತಿರುಳಿನಲ್ಲಿ ಸ್ವರದ ಹ್ರಸ್ವದೀರ್ಘ ಭೇದವಿದೆ. ಅದು ಕನ್ನಡಿಗರಿಗೆ ಕೊಡುಗೆಯಾಗಿಯೇ ಬಂದಿದೆ. ಪದಾದಿಯ ಪ, ಟ, ಕ ಧ್ವನಿಗಳ ಮಹಾಪ್ರಾಣತೆಯೂ ಅದರಲ್ಲಿದೆ. ಅದು ಬಂದಿಲ್ಲ, ಆದ್ದರಿಂದ ನಮ್ಮ ‘ಪಿನ್’ ಹೊರಗಿನವರಿಗೆ ‘ಬಿನ್’ ಎಂದು ಕೇಳಿಸಬಹುದು. ಆದರೆ ತುಮಕೂರಿನಿಂದ ಬೆಂಗಳೂರಿಗೆ ದುಡಿಯಲು ಹೋಗುವ ಹುಡುಗಿ ಇಂಗ್ಲಿಷಿನಲ್ಲಿ ಮಾತನಾಡುವುದು ಬಹುಶಃ ತಮಿಳು, ಬಂಗಾಳಿ, ಮಲಯಾಳ ಭಾಷಿಕರೊಡನೆ. ಆ ಧ್ವನಿಗಳು ನಮ್ಮ ಧ್ವನಿಮುದ್ರಿಕೆಗಳಲ್ಲಿ ವಿರಳ. ಶಿಬಿರಕ್ಕೆ ಬಂದ ಶಿಕ್ಷಕರ ಮೊಬೈಲುಗಳಲ್ಲಿಯೇ ಒಬ್ಬರ ಕಥೆಯನ್ನು ಇನ್ನೊಬ್ಬರು ಮುದ್ರಿಸಿಕೊಂಡರೆ ಬೀದರಿನ, ಉಡುಪಿಯ, ಚಾಮರಾಜನಗರದ ಇಂಗ್ಲಿಷ್ ಒಂದೇ ಮಧ್ಯಾಹ್ನದಲ್ಲಿ ಸಂಗ್ರಹವಾಗುತ್ತದೆ. ಎರಡು ವರ್ಷದ ಬಿ.ಎಡ್.ನಲ್ಲಿ ಶಾಲಾ ಅನುಭವಕ್ಕೆ 20 ವಾರಗಳಿವೆ. ಪ್ರಶಿಕ್ಷಣಾರ್ಥಿಯು ತನ್ನ ಒಂದು ಪಾಠವನ್ನು ಮುದ್ರಿಸಿ, ಮಕ್ಕಳ ಕನ್ನಡ ಲಿಪಿಯ ಹಾಳೆಗಳೊಂದಿಗೆ ಹೋಲಿಸಿ ಬರೆಯುವುದನ್ನು ಅಲ್ಲಿ ಕಡ್ಡಾಯ ಮಾಡಬಹುದು.

ಈ ವಾದದಲ್ಲಿ ನಾನೇ ಬಿಟ್ಟಿರುವ ಒಂದು ದೊಡ್ಡ ತೆರವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕನ್ನಡ ಮಾಧ್ಯಮದ ತರಗತಿಯೆಂದರೆ ಕನ್ನಡ ಮಾತೃಭಾಷೆಯ ತರಗತಿಯಲ್ಲ. ಕಲಬುರಗಿಯ ಉರ್ದು ಮನೆಯ ಮಗು ‘ಝ’ಕಾರ, ‘ಜ’ಕಾರಗಳ ಇಂಗ್ಲಿಷ್ ಭೇದವನ್ನು ಸಲೀಸಾಗಿ ಕೇಳಬಹುದು, ಆದರೆ ‘ಸ್ಕೂಲ್’ ಎಂಬುದರ ಮುಂದೆ ಇಕಾರವನ್ನು ಸೇರಿಸಿಕೊಳ್ಳಬಹುದು. ಕರಾವಳಿಯ ತುಳು, ಕೊಂಕಣಿ ಮನೆಗಳ ಮಕ್ಕಳ ಕಿವಿಗೆ ಪದಾಂತ್ಯವೆಂದರೆ ಬೇರೆಯೇ. ಬೆಳಗಾವಿಯ ಮರಾಠಿ ಭಾಷಿಕ ಮಗುವಿಗೆ ವ್ಯಂಜನಾಂತ ಪದ ಅಪರಿಚಿತವಲ್ಲ, ‘ಪೆನ್’ ಅದಕ್ಕೆ ‘ಪೆನ್’ ಆಗಿಯೇ ಸಲ್ಲುತ್ತದೆ. ಇವರ ಹಾಳೆಗಳನ್ನು ನಾನು ಇನ್ನೂ ನೋಡಿಲ್ಲ.